ಆಫ್‌ ಆಗದ ಸ್ವಿಚ್ಚು ಮತ್ತು ನಾವು ಮರೆತ ಕೆಮಿಸ್ಟ್ರಿ

‘ಸಿಲಿಕಾನ್‌ ಕಾಲ ಮುಗಿಯಿತು, ಇನ್ನೇನಿದ್ದರೂ ಗ್ರಾಫೀನ್‌’ ಎಂಬ ಧಾಟಿಯ ವಿಡಿಯೊಗಳು ನಮ್ಮ ಕ್ಲಾಸಿನ ವಾಟ್ಸ್‌ಆ್ಯಪ್‌ ಗ್ರೂಪಿಗೆ ಆಗಾಗ ಬಂದು ಬೀಳುತ್ತವೆ. ಗ್ರಾಫೈಟ್‌ನಿಂದ ಒಂದೇ ಪರಮಾಣು ದಪ್ಪದ ಪದರವನ್ನು ಅಂಟುಟೇಪಿನಲ್ಲಿ ಎಬ್ಬಿಸಿದ ಮ್ಯಾಂಚೆಸ್ಟರ್‌ನ ಆಂಡ್ರೆ ಗೈಮ್‌ ಮತ್ತು ನೊವೊಸೆಲೊವ್‌ ಅವರ ಪ್ರಯೋಗ ಪ್ರಕಟವಾಗಿದ್ದು 2004ರಲ್ಲಿ. 2010ರಲ್ಲಿ ನೊಬೆಲ್ಲೂ ಬಂತು. ಹಾಗಿದ್ದರೂ ನಮ್ಮ ಮೊಬೈಲಿನ ಪ್ರೊಸೆಸರ್‌ ಇನ್ನೂ ಸಿಲಿಕಾನ್‌ನದ್ದೇ. ಏಕೆ?

ಗ್ರಾಫೀನ್‌ ವಿದ್ಯುತ್ತನ್ನು ಸರಾಗವಾಗಿ ಹರಿಸುತ್ತದೆ, ಆದರೆ ತಡೆಯಲು ಅದಕ್ಕೆ ಬರುವುದಿಲ್ಲ. ಟ್ರಾನ್ಸಿಸ್ಟರ್‌ ಎಂದರೆ ಸ್ವಿಚ್ಚು. ಆಫ್‌ ಆಗದ ಸ್ವಿಚ್ಚು ಕಟ್ಟಿಕೊಂಡು ಏನು ಮಾಡುವುದು? ಆಫ್‌ ಆಗಲು ಬ್ಯಾಂಡ್‌ ಗ್ಯಾಪ್‌ ಬೇಕು. ಸಿಲಿಕಾನ್‌ನಲ್ಲಿ ಅದು ಸುಮಾರು 1.1 ಎಲೆಕ್ಟ್ರಾನ್‌ ವೋಲ್ಟ್‌, ಶುದ್ಧ ಗ್ರಾಫೀನ್‌ನಲ್ಲಿ ಸೊನ್ನೆ.

ಇಲ್ಲಿಗೆ ಬರುತ್ತದೆ ಕೆಮಿಸ್ಟ್ರಿ. ಗ್ರಾಫೀನ್‌ನ ಪ್ರತಿ ಇಂಗಾಲವೂ ಅಕ್ಕಪಕ್ಕದ ಮೂರು ಇಂಗಾಲಗಳಿಗೆ ಅಂಟಿಕೊಂಡಿರುತ್ತದೆ. ಮಿಕ್ಕ ಒಂದು ಎಲೆಕ್ಟ್ರಾನ್‌ ಹಾಳೆಯುದ್ದಕ್ಕೂ ಓಡಾಡಿಕೊಂಡಿರುತ್ತದೆ. ಮೇಲೆ ಫ್ಲೋರಿನ್ನನ್ನೋ ಹೈಡ್ರೋಜನ್ನನ್ನೋ ಕೂರಿಸಿದರೆ ಆ ಎಲೆಕ್ಟ್ರಾನ್‌ ಹೊಸ ಬಂಧಕ್ಕೆ ಸಿಕ್ಕಿಬೀಳುತ್ತದೆ, ಹಾಳೆ ಅವಾಹಕವಾಗುತ್ತದೆ. ಆಮ್ಲಜನಕದ ಗುಂಪುಗಳನ್ನು ಅಂಟಿಸಿದರೆ ಗ್ರಾಫೀನ್‌ ಆಕ್ಸೈಡ್‌. ಅದು ನೀರಿನಲ್ಲಿ ಚೆನ್ನಾಗಿ ಹರಡಿಕೊಳ್ಳುತ್ತದೆ. ಸಲ್ಫ್ಯೂರಿಕ್‌ ಆಮ್ಲ, ಪೊಟ್ಯಾಸಿಯಂ ಪರ್ಮಾಂಗನೇಟ್‌ ಬಳಸುವ ಹಮ್ಮರ್ಸ್‌ ವಿಧಾನ 1958ರಷ್ಟು ಹಳೆಯದು. ತೊಂದರೆಯೆಂದರೆ, ಆಮ್ಲಜನಕವನ್ನು ಮತ್ತೆ ತೆಗೆದರೂ ಹಾಳೆಯಲ್ಲಿ ತೂತು, ಗಾಯಗಳು ಉಳಿಯುತ್ತವೆ. ಮೊದಲಿನ ವಾಹಕತೆ ಪೂರ್ತಿ ಮರಳುವುದಿಲ್ಲ. ಬೆಂಗಳೂರಿನ ಜೆಎನ್‌ಸಿಎಎಸ್‌ಆರ್‌ನಲ್ಲಿ ಸಿ.ಎನ್‌.ಆರ್‌. ರಾವ್‌ ಅವರ ತಂಡ ಬೇರೆ ದಾರಿ ಹಿಡಿಯಿತು: ಹಾಳೆಯೊಳಗಿನ ಕೆಲವು ಇಂಗಾಲಗಳ ಜಾಗಕ್ಕೇ ಬೋರಾನ್‌, ನೈಟ್ರೋಜನ್‌ ಸೇರಿಸಿ 2009ರಲ್ಲಿ ಪ್ರಕಟಿಸಿತು.

2024ರ ಜನವರಿಯಲ್ಲಿ ಸದ್ದು ಮಾಡಿದ ಜಾರ್ಜಿಯಾ ಟೆಕ್‌ನ ವಾಲ್ಟರ್‌ ಡಿ ಹೀರ್‌ ತಂಡದ ಸುದ್ದಿಯೂ ಇದೇ ಜಾತಿಯದ್ದು. ಸಿಲಿಕಾನ್‌ ಕಾರ್ಬೈಡ್‌ ಕಾಯಿಸಿದಾಗ ಮೇಲ್ಮೈನ ಸಿಲಿಕಾನ್‌ ಆವಿಯಾಗಿ ಇಂಗಾಲದ ಪದರ ಉಳಿಯುತ್ತದೆ. ಆ ಪದರ ತಳಕ್ಕೆ ರಾಸಾಯನಿಕವಾಗಿ ಬೆಸೆದುಕೊಂಡಿರುವುದರಿಂದಲೇ 0.6 ಎಲೆಕ್ಟ್ರಾನ್‌ ವೋಲ್ಟ್‌ ಗ್ಯಾಪ್‌ ಸಿಕ್ಕಿತು. ದೊಡ್ಡ ಸಾಧನೆಯೇ. ಆದರೆ ಪ್ರಯೋಗಾಲಯದ ಟ್ರಾನ್ಸಿಸ್ಟರ್‌ಗೂ ಕೋಟಿಗಟ್ಟಲೆ ಚಿಪ್‌ ಅಚ್ಚು ಹಾಕುವ ಫ್ಯಾಬ್‌ಗೂ ಇರುವ ದೂರವನ್ನು ಆ ವಿಡಿಯೊಗಳು ಹೇಳುವುದಿಲ್ಲ.

ಕೇಂದ್ರ ಸರ್ಕಾರ ಸೆಮಿಕಂಡಕ್ಟರ್‌ಗೆಂದು ₹76,000 ಕೋಟಿಯ ಯೋಜನೆ ಘೋಷಿಸಿದ ಮೇಲೆ ನಮ್ಮಲ್ಲಿ ಎಲ್ಲರ ಬಾಯಲ್ಲೂ ವಿಎಲ್‌ಎಸ್‌ಐ ಕೋರ್ಸ್‌. ಕೆಮಿಸ್ಟ್ರಿ ಸೈಕಲ್‌ ಮಾತ್ರ ‘ಪಾಸಾದರೆ ಸಾಕಪ್ಪಾ’ ಎಂದು ದಾಟಿ ಬಂದ ಹೊಳೆ. ಚಿಪ್‌ ವಿನ್ಯಾಸದಷ್ಟೇ ಅದರ ಮೇಲ್ಮೈಯನ್ನು ತೊಳೆಯುವ, ಕೊರೆಯುವ, ಲೇಪಿಸುವ ಕೆಲಸವೂ ಫ್ಯಾಬ್‌ನಲ್ಲಿದೆ, ಅದೆಲ್ಲ ಕೆಮಿಸ್ಟ್ರಿಯೇ.

ಇನ್ನು ಗ್ರಾಫೀನ್‌ ಹೆಸರಿನ ಕಂಪನಿಗಳಿಗೆ ಅರ್ಜಿ ಹಾಕುವವರಿಗೊಂದು ಮಾತು. 60 ಕಂಪನಿಗಳ ಮಾದರಿಗಳನ್ನು ಪರೀಕ್ಷಿಸಿ 2018ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಹೆಚ್ಚಿನವುಗಳಲ್ಲಿ ಗ್ರಾಫೀನ್‌ ಇದ್ದದ್ದು ಶೇ 10ಕ್ಕಿಂತ ಕಡಿಮೆ. ಉಳಿದದ್ದು ಬಹುಪಾಲು ಗ್ರಾಫೈಟ್‌ ಪುಡಿ! ಸಂದರ್ಶನದ ಕೊನೆಗೆ ‘ನಿಮ್ಮದೇನಾದರೂ ಪ್ರಶ್ನೆ ಇದೆಯೇ’ ಎಂದಾಗ ಎಷ್ಟು ಪದರ, ಆಮ್ಲಜನಕ ಎಷ್ಟು, ರಾಮನ್‌ ಸ್ಪೆಕ್ಟ್ರಮ್‌ ತೋರಿಸುತ್ತೀರಾ ಎಂದು ಕೇಳಿ ನೋಡಿ.