ಲೇಬಲ್ಲಿನಲ್ಲಿ ಕನ್ನಡ ಯಾಕಿಲ್ಲ?

ನಮ್ಮೂರ ಸಂಘದ ಅಕ್ಕಂದಿರ ಶೇಂಗಾ ಚಟ್ನಿಪುಡಿ ರುಚಿ ಬಗ್ಗೆ ಎರಡು ಮಾತಿಲ್ಲ. ಆದರೆ ಪೊಟ್ಟಣದ ಮೇಲಿನ ಲೇಬಲ್ ಪೂರ್ತಿ ಇಂಗ್ಲಿಷ್. ಸಂತೆಯಲ್ಲಿ ಪೊಟ್ಟಣ ಕೊಂಡ ಅಜ್ಜಿಯೊಬ್ಬರು, ದಿನಾ ಪೇಪರ್ ಓದೋರು, "ಇದು ಎಷ್ಟು ದಿನ ಬಾಳತೈತಪ್ಪಾ?" ಅಂತ ನನ್ನನ್ನು ಕೇಳಬೇಕಾಯಿತು.

ಕೇಳಿದರೆ "ರೂಲ್ಸೇ ಹಂಗೈತಿ" ಅಂತಾರೆ. ಅದು ಅರ್ಧ ನಿಜ. ಆಹಾರ ಸುರಕ್ಷತಾ ನಿಯಮದ ಪ್ರಕಾರ ವಿವರಗಳು ಇಂಗ್ಲಿಷ್ ಇಲ್ಲವೇ ಹಿಂದಿಯಲ್ಲಿ ಇರಲೇಬೇಕು. ಜೊತೆಗೆ ಕನ್ನಡ ಹಾಕಲು ಯಾರ ಅಡ್ಡಿಯೂ ಇಲ್ಲ. ಹಾಕದೆ ಬಿಟ್ಟವರು ನಾವೇ.

ತಾರೀಕು ಬದಲಾದಾಗೆಲ್ಲ ತಾಲ್ಲೂಕಿನ ಡಿಟಿಪಿ ಅಂಗಡಿಗೆ ಓಡುವುದೂ ಬೇಕಿಲ್ಲ. ಸಂಘದ ಹಳೇ ಲ್ಯಾಪ್‌ಟಾಪ್ ಸಾಕು, ಲಿಬ್ರೆ ಆಫೀಸ್ ಪುಕ್ಕಟೆ ಸಿಗುತ್ತದೆ. ಫೈಲ್, ನ್ಯೂ, ಲೇಬಲ್ಸ್ ಒತ್ತಿ ಲೇಬಲ್ ಹಾಳೆಯ ಅಳತೆ ಕೊಡಿ. 'ಸಿಂಕ್ರೊನೈಸ್ ಕಂಟೆಂಟ್ಸ್'ಗೆ ಟಿಕ್ ಹಾಕಿಟ್ಟರೆ, 24 ಲೇಬಲ್ಲಿನ ಹಾಳೆಯಲ್ಲಿ ಮೊದಲನೆಯದನ್ನು ತಿದ್ದಿ ಒಂದು ಬಟನ್ ಒತ್ತಿದರಾಯಿತು, ಉಳಿದ 23 ತಾವೇ ಬದಲಾಗುತ್ತವೆ. ಟೈಪ್ ಮಾತ್ರ ಯೂನಿಕೋಡ್‌ನಲ್ಲೇ ಮಾಡಿ. ಹಳೇ ನುಡಿ ಫಾಂಟಿನ ಫೈಲು, ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಅಕ್ಷರವೇ ಇರಲ್ಲ, ಬರೀ ಗೀಚು.

ನಾನು ಮೊದಲ ಸಲ ನಾಲ್ಕು ಹಾಳೆ ಹಾಳು ಮಾಡಿದೆ. ಪ್ರಿಂಟ್ ಕೊಡುವಾಗ 'ಫಿಟ್ ಟು ಪೇಜ್' ಆನ್ ಆಗಿತ್ತು, ಸಾಲೆಲ್ಲ ಜಾರಿ ಅಂಚಿಗೆ ಬಿತ್ತು. ಅಳತೆ 100 ಪರ್ಸೆಂಟೇ ಇರಲಿ. ಮೊದಲು ಬಿಳಿ ಹಾಳೆಯಲ್ಲಿ ತೆಗೆದು, ಲೇಬಲ್ ಹಾಳೆ ಮೇಲಿಟ್ಟು ಬೆಳಕಿಗೆ ಹಿಡಿದು ನೋಡಿ. ಸಾಧ್ಯವಾದರೆ ಲೇಸರ್ ಪ್ರಿಂಟರ್ ಹಿಡಿಯಿರಿ, ಹಾಳೆಯೂ ಅದಕ್ಕೆ ಆಗುವಂಥದ್ದೇ ಇರಲಿ. ಇಂಕ್‌ಜೆಟ್ ಆದರೆ ಒದ್ದೆ ಕೈ ತಾಗಿದಾಗ ಮೊದಲು ಅಳಿಸುವುದು ಆ ತಾರೀಕೇ.