ಹೆಸರು ನಮ್ಮದು, ಕುರ್ಚಿ ಯಾರದು?

ಕನ್ನಡದ ತರುಣರೇ,

ದೇವನಹಳ್ಳಿಯ ವಿಮಾನ ನಿಲ್ದಾಣಕ್ಕೆ ಕೆಂಪೇಗೌಡರ ಹೆಸರು ಬಂದದ್ದು 2013ರಲ್ಲಿ. ಅದು ದೆಹಲಿಯವರು ತಾವಾಗಿ ಕೊಟ್ಟ ಉಡುಗೊರೆಯಲ್ಲ. ವರ್ಷಗಟ್ಟಲೆ ಕೂಗಿ, ಮನವಿ ಕೊಟ್ಟು, ಬೀದಿಗಿಳಿದು ಪಡೆದದ್ದು. 2022ರ ನವೆಂಬರ್ 11ರಂದು ಅಲ್ಲಿ ಕೆಂಪೇಗೌಡರ 108 ಅಡಿಯ ಪ್ರತಿಮೆಯೂ ಎದ್ದು ನಿಂತಿತು. ಸಂತೋಷ. ನಾಡಪ್ರಭು ಹೊರಗೆ ಬಿಸಿಲಲ್ಲಿ ಕತ್ತಿ ಹಿಡಿದು ಕಾವಲು ನಿಂತಿದ್ದಾನೆ. ಒಳಗೆ, ತಣ್ಣನೆಯ ಕೋಣೆಯಲ್ಲಿ, ಆಡಳಿತ ಮಂಡಳಿಯ ಮೇಜಿನ ಸುತ್ತ ಕೂತವರು ಯಾರು? ಅವರಲ್ಲಿ ನಿಮ್ಮ ಪರವಾಗಿ ಮಾತಾಡಲೆಂದೇ ಕಳಿಸಿದವರು ಎಷ್ಟು ಮಂದಿ? ಈ ಪ್ರಶ್ನೆಯನ್ನು ನೀವು ಎಂದಾದರೂ ಕೇಳಿದ್ದೀರಾ?

ಕೇಳಿಲ್ಲ. ನಾವು ಹೆಸರಿಗೆ ಹೋರಾಡಿದೆವು, ಫಲಕಕ್ಕೆ ಹೋರಾಡಿದೆವು. ಕುರ್ಚಿಯನ್ನು ಮರೆತೆವು!

ಲೆಕ್ಕ ನೋಡಿ. ಈ ನಿಲ್ದಾಣವನ್ನು ನಡೆಸುವ ಬಿಐಎಎಲ್ ಎಂಬ ಕಂಪನಿ ಹುಟ್ಟಿದ್ದು 2001ರಲ್ಲಿ. ಅದರಲ್ಲಿ ಕರ್ನಾಟಕದ ಪಾಲು ಕೆಎಸ್‌ಐಐಡಿಸಿ ಮೂಲಕ ಶೇಕಡಾ 13. ಕೇಂದ್ರದ ವಿಮಾನ ನಿಲ್ದಾಣ ಪ್ರಾಧಿಕಾರದ ಪಾಲು ಮತ್ತೊಂದು 13. ಉಳಿದ 74 ಖಾಸಗಿಯವರದು. ಮೊದಲು ಜರ್ಮನಿಯ ಸೀಮೆನ್ಸ್, ಜ್ಯೂರಿಕ್ ವಿಮಾನ ನಿಲ್ದಾಣದ ಕಂಪನಿ, ಎಲ್ ಅಂಡ್ ಟಿ. 2009ರಲ್ಲಿ ಹೈದರಾಬಾದಿನ ಜಿವಿಕೆ ಬಂತು. 2017ರಲ್ಲಿ ಕೆನಡಾದ ಫೇರ್‌ಫ್ಯಾಕ್ಸ್ ಬಂತು, ಇವತ್ತು ದೊಡ್ಡ ಪಾಲು ಅದರದೇ. ಪಾಲು ಕೈಯಿಂದ ಕೈಗೆ ದಾಟಿತು, ಪ್ರತಿ ಸಲ ಮಂಡಳಿಗೆ ಹೊಸ ಮುಖಗಳು ಬಂದವು. ನಿಮ್ಮನ್ನು ಯಾರೂ ಕೇಳಲಿಲ್ಲ. ಸುಮಾರು 4,000 ಎಕರೆ ನೆಲ ಮಾತ್ರ ಕನ್ನಡ ನಾಡಿನದು!

‘ರಾಜ್ಯದ ಮುಖ್ಯ ಕಾರ್ಯದರ್ಶಿಯೇ ಮಂಡಳಿಯ ಅಧ್ಯಕ್ಷರಲ್ಲವೇ?’ ಎನ್ನಬಹುದು. ನಿಜ, ಆ ರೂಢಿ ಇದೆ. ಆದರೆ ಮುಖ್ಯ ಕಾರ್ಯದರ್ಶಿಗೆ ನೂರೆಂಟು ಕೆಲಸ. ನಿವೃತ್ತಿಯ ದಿನ ಬಂದರೆ ಕುರ್ಚಿ ಖಾಲಿ, ಇನ್ನೊಬ್ಬರು ಬರುತ್ತಾರೆ. ಅವರು ಸರ್ಕಾರಕ್ಕೆ ಉತ್ತರ ಕೊಡುವವರು. ಕೆ.ಆರ್.ಪುರದ ನಿರುದ್ಯೋಗಿ ಹುಡುಗನಿಗೆ ಉತ್ತರ ಕೊಡಬೇಕಾದ ಹಂಗು ಅವರಿಗಿಲ್ಲ.

ಇದು ಹೊಸ ಕಥೆಯಲ್ಲ. ಇಂದಿರಾನಗರದಿಂದ ದೊಮ್ಮಲೂರು ದಾಟಿದರೆ ಎಚ್‌ಎಎಲ್ ಸಿಗುತ್ತದೆ. 1940ರಲ್ಲಿ ವಾಲ್‌ಚಂದ್ ಹೀರಾಚಂದ್ ವಿಮಾನ ಕಾರ್ಖಾನೆ ಕಟ್ಟಲು ಹೊರಟಾಗ ನೆಲ ಕೊಟ್ಟು, ಹಣ ಹಾಕಿ ಜೊತೆಯಾದದ್ದು ಮೈಸೂರು ಸಂಸ್ಥಾನ. ಆಗ ದಿವಾನರು ಮಿರ್ಜಾ ಇಸ್ಮಾಯಿಲ್. 1942ರಲ್ಲಿ ಯುದ್ಧದ ಹೊತ್ತಿಗೆ ಭಾರತ ಸರ್ಕಾರ ವಾಲ್‌ಚಂದರ ಪಾಲನ್ನು ಕೊಂಡುಕೊಂಡಿತು. ಮೈಸೂರು ತನ್ನ ಪಾಲು ಮಾರಲಿಲ್ಲ. ಆದರೆ ಆಡಳಿತವನ್ನು ಬಿಟ್ಟುಕೊಟ್ಟಿತು. ಪಾಲು ಉಳಿಯಿತು, ಹಿಡಿತ ಹೋಯಿತು. ಅರವತ್ತು ವರ್ಷದ ಮೇಲೆ ದೇವನಹಳ್ಳಿಯಲ್ಲೂ ಅದೇ ಪಾಠ!

ಹಿಡಿತವಿಲ್ಲದಿದ್ದರೆ ಏನಾಗುತ್ತದೆ? 2004ರ ಜುಲೈನಲ್ಲಿ ಕೇಂದ್ರ ಸರ್ಕಾರ ಮತ್ತು ಬಿಐಎಎಲ್ ಸಹಿ ಹಾಕಿದ ಒಪ್ಪಂದ ನೋಡಿ. ಮೈಸೂರು, ಹಾಸನ ಬಿಟ್ಟರೆ 150 ಕಿಲೋಮೀಟರ್ ಒಳಗೆ 25 ವರ್ಷ ಬೇರೆ ಅಂತರರಾಷ್ಟ್ರೀಯ ನಿಲ್ದಾಣ ಬರುವಂತಿಲ್ಲ. 2008ರ ಮೇ 24ರಂದು ದೇವನಹಳ್ಳಿ ತೆರೆಯಿತು. ಅಂದೇ ಎಚ್‌ಎಎಲ್ ನಿಲ್ದಾಣದಲ್ಲಿ ಪ್ರಯಾಣಿಕರ ವಿಮಾನ ನಿಂತಿತು. ಹಲಸೂರಿನವರ ಮನೆ ಬಾಗಿಲಲ್ಲಿದ್ದ ನಿಲ್ದಾಣ ಊರಾಚೆ ಹೋಯಿತು. ನಮಗೆ ಉಳಿದದ್ದು ‘ಓಲ್ಡ್ ಏರ್‌ಪೋರ್ಟ್ ರೋಡ್’ ಎಂಬ ಹೆಸರು ಮಾತ್ರ.

ಆ ನಿರ್ಬಂಧ ಮುಗಿಯುವುದು 2033ರಲ್ಲಿ. ತಮಿಳುನಾಡು ಸರ್ಕಾರ 2024ರ ಜೂನ್‌ನಲ್ಲೇ ಹೊಸೂರಿನಲ್ಲಿ 2,000 ಎಕರೆಯ ನಿಲ್ದಾಣ ಕಟ್ಟುವುದಾಗಿ ವಿಧಾನಸಭೆಯಲ್ಲಿ ಸಾರಿತು. ಅವರ ನಾಡಿಗೆ ಅವರು ದುಡಿಯುತ್ತಾರೆ, ಅದರಲ್ಲಿ ತಪ್ಪೇನು? ನಮ್ಮ ಎರಡನೇ ನಿಲ್ದಾಣದ ಮಾತಿಗೆ ಕನಕಪುರ ರಸ್ತೆ, ನೆಲಮಂಗಲ ಎಂದು ಹೆಸರುಗಳು ಬರುತ್ತಿವೆ. ಈ ತೀರ್ಮಾನಗಳ ಹೊತ್ತಿನಲ್ಲಿ ಬಿಐಎಎಲ್ ಮಂಡಳಿ ತನ್ನ ಲಾಭ ನೋಡಿಕೊಳ್ಳುತ್ತದೆ. ನಾಡಿನ ಲಾಭವನ್ನು ಆ ಮೇಜಿನ ಮುಂದೆ ಇಡುವವರು ಯಾರು?

ಅಮೆರಿಕದ ಕ್ಯಾಲಿಫೋರ್ನಿಯಾ ನೋಡಿ. ಅಲ್ಲಿನ ಮಾಂಟೆರೆ, ಟ್ರಕಿ ಟಾಹೋ ಮುಂತಾದ ಕಡೆ ವಿಮಾನ ನಿಲ್ದಾಣದ ಮಂಡಳಿಗೆ ಚುನಾವಣೆಯೇ ನಡೆಯುತ್ತದೆ. ಸುತ್ತಲಿನ ಜನ ಓಟು ಹಾಕಿ ಐದು ಮಂದಿಯನ್ನು ಆರಿಸುತ್ತಾರೆ. ಅಭ್ಯರ್ಥಿ ಓಟು ಕೇಳಲು ಬಂದಾಗ ಸದ್ದಿನ ಬಗ್ಗೆ, ಜಮೀನಿನ ಬಗ್ಗೆ, ಖರ್ಚಿನ ಬಗ್ಗೆ ಜನ ಮುಖಕ್ಕೆ ಮುಖ ಕೊಟ್ಟು ಕೇಳುತ್ತಾರೆ. ಅವು ಚಿಕ್ಕ ನಿಲ್ದಾಣಗಳು, ಸರಿ. ವರ್ಷಕ್ಕೆ 4 ಕೋಟಿಗೂ ಹೆಚ್ಚು ಜನ ಬಂದುಹೋಗುವ ನಮ್ಮ ನಿಲ್ದಾಣದಲ್ಲಿ ಒಂದೇ ಒಂದು ಕುರ್ಚಿಗೂ ಆ ಯೋಗ್ಯತೆ ಇಲ್ಲವೇ?

ನಮ್ಮ ಬೇಡಿಕೆ ಇಷ್ಟೇ. ರಾಜ್ಯ ಸರ್ಕಾರ ತನ್ನ ಪಾಲಿನ ಬಲದಿಂದ ಮಂಡಳಿಗೆ ಕಳಿಸುವವರಲ್ಲಿ ಒಬ್ಬರು ಅಧಿಕಾರಿಯಲ್ಲದ ಕನ್ನಡಿಗರಾಗಿರಲಿ. ಅವರ ಹೆಸರನ್ನು ಮೊದಲೇ ಪ್ರಕಟಿಸಲಿ. ಜನರ ಮುಂದೆ ನಿಲ್ಲಿಸಲಿ. ವರ್ಷಕ್ಕೊಮ್ಮೆ ಲೆಕ್ಕ ಒಪ್ಪಿಸಲಿ.

ಆ ಅಭ್ಯರ್ಥಿಯನ್ನು ನೀವು ಕೇಳಬೇಕಾದ್ದೇನು? ಒಂದು: ಸಾಮಾನು ಎತ್ತುವ ಕೆಲಸದಿಂದ ಅಂಗಡಿ, ಸರಕು, ಟ್ಯಾಕ್ಸಿವರೆಗೆ ಗುತ್ತಿಗೆ ಹಿಡಿದವರು ಎಷ್ಟು ಕನ್ನಡಿಗರಿಗೆ ಕೆಲಸ ಕೊಟ್ಟಿದ್ದಾರೆ? ಪಟ್ಟಿ ಹೊರಗೆ ಬರಲಿ. ಎರಡು: ಗುತ್ತಿಗೆಯ ಕರಾರಿನಲ್ಲೇ ಕನ್ನಡ ಸೇವೆ ಕಡ್ಡಾಯ ಎಂದು ಬರೆಸುತ್ತೀರಾ? ಮೂರು: ಭೂಮಿ ಕೊಟ್ಟ ರೈತರ ಮಕ್ಕಳಿಗೆ ಕಸ ಗುಡಿಸುವ ಕೆಲಸ ಬಿಟ್ಟು ಬೇರೇನು? ನಾಲ್ಕು: 2033ರ ಬಗ್ಗೆ ನಿಮ್ಮ ನಿಲುವೇನು? ಐದು: ಕೆ.ಆರ್.ಪುರದಿಂದ ನಿಲ್ದಾಣಕ್ಕೆ ಹೋಗುವ ಮೆಟ್ರೊಗೆ ಕೇಂದ್ರ ಒಪ್ಪಿದ್ದು 2021ರಲ್ಲಿ. ಪಾಳಿ ಮುಗಿಸಿ ಅಪರಾತ್ರಿಯಲ್ಲಿ ಮನೆಗೆ ಬರುವ ನಮ್ಮ ಹುಡುಗಿಯರಿಗೆ ಕಂಪನಿ ಏನು ಏರ್ಪಾಡು ಮಾಡುತ್ತದೆ?

ಮಂಡಳಿಯ ಕೈಯಲ್ಲಿಲ್ಲದ ಸಂಗತಿಗಳೂ ಇವೆ. ಗೇಟಿನಲ್ಲಿ ಹಿಂದಿಯಲ್ಲಿ ಗದರುವ ಸಿಐಎಸ್‌ಎಫ್ ಜವಾನ ಕೇಂದ್ರದ ನೌಕರ. ಕಸ್ಟಮ್ಸ್, ಇಮಿಗ್ರೇಶನ್ ಕೂಡ ಹಾಗೆಯೇ. ಅದಕ್ಕೆ ಸಂಸದರ ಕೊರಳಪಟ್ಟಿ ಹಿಡಿಯಬೇಕು. ಬರಿಯ ಘೋಷಣೆ ಕೂಗುವ ಅಭ್ಯರ್ಥಿ ನಮಗೆ ಬೇಡ, ಕಡತ ಓದಿ ಪ್ರಶ್ನೆ ಕೇಳುವವರು ಬೇಕು.

‘ಕಂಪನಿ ನಿರ್ದೇಶಕರು ಕಂಪನಿಯ ಹಿತ ಕಾಯಬೇಕು, ಭಾಷೆಯದಲ್ಲ’ ಎಂದು ವಕೀಲರು ಹೆದರಿಸಬಹುದು. 2013ರ ಕಂಪನಿ ಕಾಯ್ದೆಯ 166ನೇ ಕಲಂ ತೆಗೆದು ತೋರಿಸಿ. ನಿರ್ದೇಶಕರು ಕಂಪನಿಯ ಜೊತೆಗೆ ನೌಕರರ, ಸಮುದಾಯದ ಹಿತವನ್ನೂ ನೋಡಬೇಕೆಂದು ಅಲ್ಲೇ ಬರೆದಿದೆ. ದೇವನಹಳ್ಳಿಯ ಸಮುದಾಯ ಯಾವುದು? ಕೆನಡಾದ್ದಲ್ಲವಲ್ಲ!

ಇನ್ನು, ಕನ್ನಡಿಗ ಯಾರು ಎಂದು ಕೊಂಕು ತೆಗೆಯುವವರಿದ್ದಾರೆ. ಶಿವಾಜಿನಗರದಲ್ಲಿ ಮನೆಯಲ್ಲಿ ಉರ್ದು ಆಡುವ ಹುಡುಗ, ಹಲಸೂರಿನಲ್ಲಿ ಅಮ್ಮನ ಜೊತೆ ತಮಿಳು ಆಡುವ ಹುಡುಗಿ, ಇಲ್ಲೇ ಬೆಳೆದು ಕನ್ನಡ ಓದಿ ಬರೆಯುವವರಾದರೆ ಅವರೂ ನಮ್ಮವರೇ. ಈ ಕುರ್ಚಿಗೆ ಅವರೂ ಅಭ್ಯರ್ಥಿಗಳೇ. 2024ರ ಜುಲೈನಲ್ಲಿ ಸ್ಥಳೀಯರಿಗೆ ಕೆಲಸ ಕೊಡುವ ಮಸೂದೆಗೆ ಸಂಪುಟ ಒಪ್ಪಿ, ಉದ್ಯಮಿಗಳು ಗುಡುಗಿದ ಕೂಡಲೇ ತಡೆಹಿಡಿಯಿತಲ್ಲ, ಆಗ ನಷ್ಟವಾದದ್ದು ಇವರೆಲ್ಲರಿಗೂ. 1983ರಲ್ಲಿ ನೇಮಿಸಿದ ಸರೋಜಿನಿ ಮಹಿಷಿ ಸಮಿತಿಯ ವರದಿ ಇನ್ನೂ ಪೂರ್ತಿ ಜಾರಿಯಾಗಿಲ್ಲ. ಎಷ್ಟು ತಲೆಮಾರು ಕಾಯಬೇಕು?

ಆಗದ ಮಾತೆಂದು ಕೈಚೆಲ್ಲಬೇಡಿ. ಅದೇ ದೇವನಹಳ್ಳಿ ತಾಲ್ಲೂಕಿನ ಚನ್ನರಾಯಪಟ್ಟಣದ ರೈತರು 1,777 ಎಕರೆ ಉಳಿಸಿಕೊಳ್ಳಲು ಮೂರು ವರ್ಷಕ್ಕೂ ಹೆಚ್ಚು ಕಾಲ ಧರಣಿ ಕೂತರು. 2025ರ ಜುಲೈ 15ರಂದು ಸರ್ಕಾರ ಸ್ವಾಧೀನ ಕೈಬಿಟ್ಟಿತು. ಹಟ ಬಿಡದವರಿಗೆ ಜಯ.

ಈ ವಾರವೇ ನಿಮ್ಮ ಶಾಸಕರ ಮನೆಗೆ ಹೋಗಿ. ಶಿವಾಜಿನಗರ, ಸರ್ವಜ್ಞನಗರ, ಸಿ.ವಿ.ರಾಮನ್ ನಗರ, ಕೆ.ಆರ್.ಪುರ... ನಾಲ್ವರಿಗೂ ಒಂದೇ ಪ್ರಶ್ನೆ ಹಾಕಿ: ‘ಬಿಐಎಎಲ್ ಮಂಡಳಿಯಲ್ಲಿ ಜನರ ಪರವಾದ ಒಂದು ಕುರ್ಚಿಗೆ ಸದನದಲ್ಲಿ ದನಿ ಎತ್ತುತ್ತೀರಾ, ಇಲ್ಲವಾ?’ ಉತ್ತರವನ್ನು ಬರೆಸಿಕೊಂಡು ಬನ್ನಿ. ಹೌದೆಂದವರ ಹೆಸರನ್ನೂ ಇಲ್ಲವೆಂದವರ ಹೆಸರನ್ನೂ ಇದೇ ಪುಟದಲ್ಲಿ ಅಚ್ಚು ಹಾಕುತ್ತೇವೆ.

ಸಿರಿಗನ್ನಡಂ ಗೆಲ್ಗೆ!