ಬಾಗಿಲ ಬಳಿ ನಿಂತ ಸೈಕಲ್

ಮಕ್ಕಳೇ, ನಿಮ್ಮ ಮನೆಯಲ್ಲಿ ಗೋಡೆಗೆ ಒರಗಿ ದೂಳು ತಿನ್ನುತ್ತಿರುವ ಸೈಕಲ್ ಇದೆಯೇ? ನಮ್ಮ ಕುರುಗೋಡಿನ ಮನೆಯಲ್ಲಿ ಒಂದಿತ್ತು, ನನ್ನ ಮಗಳದು. 2006-07ರಲ್ಲಿ ಸರ್ಕಾರ ಎಂಟನೇ ತರಗತಿಯ ಮಕ್ಕಳಿಗೆ ಉಚಿತವಾಗಿ ಸೈಕಲ್ ಕೊಡಲು ಶುರುಮಾಡಿತಲ್ಲ, ಆ ಮೊದಲ ವರ್ಷದ್ದು. ಅವಳು ಮದುವೆಯಾಗಿ ಸಿರುಗುಪ್ಪಕ್ಕೆ ಹೋದಳು, ಸೈಕಲ್ ಜೋಳದ ಚೀಲಗಳ ಹಿಂದೆ ಉಳಿಯಿತು.

ಹೋದ ಬೇಸಿಗೆ ರಜೆಗೆ ಬಂದ ಮೊಮ್ಮಗಳು ಅದನ್ನು ಹೊರಗೆಳೆದಳು. ಆಗಷ್ಟೇ ಐದನೇ ತರಗತಿ ಮುಗಿಸಿದ್ದ ಹುಡುಗಿ. ಫೋನಿನಲ್ಲಿ ಯಾರೋ ದಿನಕ್ಕೆ ಐವತ್ತು ಕಿಲೋಮೀಟರ್ ತುಳಿಯುವುದನ್ನು ನೋಡಿದ್ದಳಂತೆ. "ನಾನೂ ದಿನಾ ಹತ್ತು ಕಿಲೋಮೀಟರ್ ತುಳಿತೀನಿ ತಾತ" ಅಂದವಳೇ ಕ್ಯಾಲೆಂಡರಿನಲ್ಲಿ ಗುರುತು ಹಾಕತೊಡಗಿದಳು. ಮೂರು ಗುರುತು ಬಿದ್ದವು. ನಾಲ್ಕನೆಯ ದಿನ ಮೊಣಕಾಲು ಹಿಡಿದುಕೊಂಡು ಜಗುಲಿಯ ಮೇಲೆ ಕೂತಳು. "ನಂಗೆ ಬ್ಯಾಡ ಬಿಡು ತಾತ. ನಂಗೆ ಅಷ್ಟು ಶಕ್ತೀನೇ ಇಲ್ಲ."

ಆ ಮಾತು ನನಗೆ ಚುರುಕ್ಕೆಂದಿತು. ಮಗು ಇಂಥ ತೀರ್ಮಾನವನ್ನು ಗಂಟು ಕಟ್ಟಿಕೊಂಡು ಊರಿಗೆ ಹೋಗಬಾರದು.

ಸಂಜೆ ನಾನೇ ಸೈಕಲ್ ಹತ್ತಿ ನೋಡಿದೆ. ಬೀದಿಯ ತುದಿ ಮುಟ್ಟುವಷ್ಟರಲ್ಲಿ ಏದುಸಿರು! ತಪ್ಪು ಅವಳದಲ್ಲ, ಪರೀಕ್ಷಿಸದೆ ಕೊಟ್ಟ ನನ್ನದು. ಟೈರು ಹೆಬ್ಬೆರಳಿಗೆ ಮೆತ್ತಗೆ ಸಿಗುತ್ತಿತ್ತು. ಗಾಳಿ ಕಡಿಮೆಯಿದ್ದರೆ ಟೈರು ನೆಲಕ್ಕೆ ಚಪ್ಪಟೆಯಾಗಿ ಒತ್ತಿಕೊಳ್ಳುತ್ತದೆ. ಚಕ್ರ ತಿರುಗಿದಷ್ಟೂ ಆ ರಬ್ಬರನ್ನು ಮಡಿಸುವುದರಲ್ಲೇ ನಮ್ಮ ಶಕ್ತಿ ಸೋರಿಹೋಗುತ್ತದೆ. ತೂತಿಲ್ಲದ ಟ್ಯೂಬಿನಿಂದಲೂ ಗಾಳಿ ಮೆಲ್ಲಗೆ ಇಳಿಯುತ್ತಲೇ ಇರುತ್ತದೆ. ಹಾಗಾಗಿ ವಾರಕ್ಕೊಮ್ಮೆ ಒತ್ತಿ ನೋಡಬೇಕು.

ನಮ್ಮದಕ್ಕೆ ತೂತೂ ಇತ್ತೆನ್ನಿ. ಪಂಕ್ಚರ್ ಅಂಗಡಿಯವರು ಟ್ಯೂಬನ್ನು ನೀರಿನಲ್ಲಿ ಅದ್ದಿ ಗುಳ್ಳೆ ತೋರಿಸಿದರು. ಆಮೇಲೆ ಟೈರಿನ ಒಳಗೆಲ್ಲ ಬೆರಳಾಡಿಸಿ ಒಂದು ಮುಳ್ಳು ಕಿತ್ತರು. ಅದನ್ನು ಬಿಟ್ಟು ಬರೀ ಟ್ಯೂಬಿಗೆ ತೇಪೆ ಹಾಕಿದ್ದರೆ ಮರುದಿನ ಮತ್ತೆ ಪಂಕ್ಚರ್. ಜಾಲಿಮುಳ್ಳು! ಅಮೆರಿಕ ಖಂಡದಿಂದ ಬಂದ ಆ ಗಿಡಕ್ಕೆ 'ಬಳ್ಳಾರಿ ಜಾಲಿ' ಎಂದು ನಮ್ಮ ಹೆಸರನ್ನೇ ಇಟ್ಟಿದ್ದಾರೆ. ಹೆಸರಿಡಲು ಇನ್ನೇನಾದರೂ ಒಳ್ಳೆಯದು ಸಿಗಲಿಲ್ಲವೇ ಅಂತ.

ಮೊಣಕಾಲು ನೋವಿಗೆ ಕಾರಣ ಸೀಟು. ಬೀಳಬಾರದೆಂದು ನಾನೇ ತೀರಾ ತಗ್ಗಿಸಿದ್ದೆ. ಪೆಡಲ್ ಪೂರ್ತಿ ಕೆಳಗಿದ್ದಾಗ ಅದರ ಮೇಲೆ ಹಿಮ್ಮಡಿ ಇಟ್ಟರೆ ಕಾಲು ನೇರವಾಗಬೇಕು. ಆಗ ಮುಂಗಾಲಿನಿಂದ ತುಳಿಯುವಾಗ ಮೊಣಕಾಲು ತುಸುವೇ ಬಾಗುತ್ತದೆ. ಹೊಸದಾಗಿ ಕಲಿಯುವವರು ಮಾತ್ರ ಕಾಲು ನೆಲಕ್ಕೆ ಎಟುಕುವಷ್ಟು ತಗ್ಗಿಸಿಕೊಳ್ಳಲಿ. ಧೈರ್ಯ ಬಂದಂತೆ ಏರಿಸಬಹುದು. ಚೈನಿಗೆ ಎಣ್ಣೆ ಬಿಟ್ಟು, ಹೆಚ್ಚಾದದ್ದನ್ನು ಬಟ್ಟೆಯಿಂದ ಒರೆಸಿದೆ. ಅಜ್ಜಿ ಕೊಡಬಂದ ಅಡುಗೆ ಎಣ್ಣೆ ಬೇಡವೆಂದೆ. ಅದು ಬರಬರುತ್ತ ಅಂಟಾಗುತ್ತದೆ.

ಕ್ಯಾಲೆಂಡರನ್ನು ಅಜ್ಜಿ ಬೇರೆ ಕೋಣೆಗೆ ಸಾಗಿಸಿದಳು. ಸೈಕಲ್ ಚೀಲಗಳ ಹಿಂದಿನಿಂದ ತಲೆಬಾಗಿಲಿಗೆ ಬಂತು, ಬೀಗದ ಕೈ ಬಾಗಿಲ ಮೊಳೆಗೆ. ಒಂದೇ ಕರಾರು: ಎಷ್ಟು ದೂರ ಎಂದು ಯಾರೂ ಕೇಳಬಾರದು. "ಹೋಗಿ ಕರಿಬೇವು ತಾರವ್ವ" ಎಂದರೆ ಹೊರಟಳು. ಬೆಳಿಗ್ಗೆ ಬಿಸಿಲೇರುವ ಮುಂಚೆ ನಾವಿಬ್ಬರೂ ದೊಡ್ಡಬಸವೇಶ್ವರ ಗುಡಿಯವರೆಗೆ ಹೋಗುತ್ತಿದ್ದೆವು, ನಾನು ನನ್ನ ಹಳೆಯ ಕರಿ ಸೈಕಲ್ ಮೇಲೆ. ದಾರಿಯುದ್ದಕ್ಕೂ ಮಾತು. ಮಾತಾಡಲು ಉಸಿರು ಸಾಲದಿದ್ದರೆ ನಿಧಾನ ಮಾಡುವುದು, ಅಷ್ಟೇ ನಮ್ಮ ಅಳತೆ. ಆ ಭಾರಿ ಕಲ್ಲಿನ ಬಸವಣ್ಣನ ಮುಂದೆ ಕೂತು ನೀರು ಕುಡಿದು ವಾಪಸ್. ಬೇಡ ಎನಿಸಿದ ದಿನ ಬೀದಿಯ ತುದಿಗೆ ಹೋಗಿ ತಿರುಗಿದ್ದೂ ಉಂಟು.

ಬಳ್ಳಾರಿಯಲ್ಲಿರುವ ಮಗನ ಮನೆಯದು ಬೇರೆ ತೊಂದರೆ. ಸೈಕಲ್ ಎರಡನೇ ಮಹಡಿಯಲ್ಲಿತ್ತು. ಅದನ್ನು ಇಳಿಸುವ ತ್ರಾಸಕ್ಕೆ ಹೆದರಿ ಮೊಮ್ಮಗ ಮುಟ್ಟುತ್ತಿರಲಿಲ್ಲ. ಈಗ ಮೆಟ್ಟಿಲ ಕೆಳಗೆ ಸರಪಳಿ ಹಾಕಿ ನಿಲ್ಲಿಸಿದ್ದಾರೆ. ವಾಹನಗಳ ಗಲಾಟೆ ಶುರುವಾಗುವ ಮೊದಲೇ ಹುಡುಗ ಒಂದು ಸುತ್ತು ಮುಗಿಸಿರುತ್ತಾನೆ.

ಮೊಮ್ಮಗಳ ಸೈಕಲ್ ಅವಳ ಜೊತೆಗೇ ಸಿರುಗುಪ್ಪಕ್ಕೆ ಹೋಯಿತು. ಆಷಾಢದಲ್ಲಿ ಫೋನ್ ಬಂತು: "ಗಾಳಿ ತಳ್ಳುತ್ತೆ ತಾತ, ಮುಂದಕ್ಕೇ ಹೋಗಲ್ಲ!" ಹೋಗುವಾಗ ಗಾಳಿಗೆ ಎದುರಾಗಿ ಹೋಗು, ಸುಸ್ತಾದಾಗ ಅದೇ ನಿನ್ನನ್ನು ಮನೆಗೆ ತಳ್ಳಿಕೊಂಡು ಬರುತ್ತದೆ ಎಂದೆ. ಮಳೆಯಾದ ಮೇಲೆ ಎರೆಹೊಲದ ದಾರಿ ಹಿಡಿಯಬೇಡ ಎಂದೂ ಹೇಳಿದೆ. ಆ ಮಣ್ಣು ಮಡ್‌ಗಾರ್ಡಿಗೆ ಮೆತ್ತಿಕೊಂಡರೆ ಸೈಕಲ್ ಹೊತ್ತುಕೊಂಡೇ ಬರಬೇಕು. ಕಾಲುವೆ ದಂಡೆಯಂತೂ ಬೇಡವೇ ಬೇಡ.

"ಆಯ್ತು ತಾತ. ನಿನ್ನ ಸೈಕಲ್‌ಗೆ ಗಾಳಿ ಐತಾ?"

ಫೋನ್ ಹಿಡಿದುಕೊಂಡೇ ಹೋಗಿ ಹೆಬ್ಬೆರಳಿಂದ ಒತ್ತಿ ನೋಡಿದೆ. ಇರಲಿಲ್ಲ.